ಗಡಿಯಾಚೆಯ ಕಾರು ಕೊಡಗಿಗೆ: ಯಾವ ದಾರಿ, ಎಷ್ಟು ತೆರಿಗೆ, ಎಂಥ ವಿಮೆ

ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಇಳಿದರೆ ಕೂಟುಪುಳ ಸೇತುವೆಯಾಚೆ ಕೇರಳ. ಕುಟ್ಟದಿಂದ ತೋಲ್ಪೆಟ್ಟಿ ದಾಟಿದರೆ ವಯನಾಡು. ಭಾಗಮಂಡಲದಿಂದ ಕರಿಕೆ ಮಾರ್ಗವಾಗಿ ಇಳಿದರೆ ಪಾಣತ್ತೂರು, ಕಾಸರಗೋಡು ಜಿಲ್ಲೆ. ಮೂರು ಕಡೆಯಿಂದಲೂ ಕೊಡಗಿಗೆ ಹಳೇ ಕಾರು ಹತ್ತಿ ಬರುತ್ತವೆ. ಕೆಎ-12 ನಂಬರಿನ ಗಾಡಿಗೆ ಒಂಬತ್ತು ಲಕ್ಷ ಕೇಳುವ ಕಡೆ ಕೆಎಲ್-13 ನಂಬರಿನದು ಏಳೂವರೆಗೆ ಸಿಗುತ್ತದೆ ಅಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಆ ಒಂದೂವರೆ ಲಕ್ಷದ ಅಂತರ ಬಹಳ ಸಲ ಲಾಭವಲ್ಲ. ನೀವು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಕಟ್ಟಬೇಕಾದ ತೆರಿಗೆ ಅದು, ಮಾರುವವನ ಬೆಲೆಯಲ್ಲಿ ಸೇರಿಲ್ಲ, ಅಷ್ಟೇ.

ಹಾಗಾಗಿ ಗಾಡಿ ನೋಡಲು ಹೋಗುವ ಮೊದಲೇ ಎರಡು ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳಿ. ಮುಂದಿನ ಮೂರ್ನಾಲ್ಕು ವರ್ಷ ಈ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ಆರ್‌ಸಿ ಯಾರ ಹೆಸರಿನಲ್ಲಿರುತ್ತದೆ? ತೆರಿಗೆ, ವಿಮೆ ಎರಡೂ ಈ ಉತ್ತರಗಳನ್ನು ಹಿಡಿದೇ ನಡೆಯುತ್ತವೆ. ತೋಟದ ಮನೆಯಲ್ಲೇ ಇರುವ ಗಾಡಿಗೆ ಒಂದು ದಾರಿ, ವರ್ಗಾವಣೆಯಲ್ಲಿ ಊರೂರು ಸುತ್ತುವ ಸೈನಿಕನ ಗಾಡಿಗೆ ಇನ್ನೊಂದು, ನಾಲ್ಕು ತಿಂಗಳು ಅಣ್ಣನ ಮನೆಯಲ್ಲಿ ನಿಲ್ಲಲು ಬಂದ ಗಾಡಿಗೆ ಮತ್ತೊಂದು.

ಕೇರಳದ ಹಳೇ ಗಾಡಿ ತಂದು ಕೆಎ-12 ಮಾಡಿಸುವುದು

ಕೊಡಗಿನಲ್ಲಿ ಹೆಚ್ಚು ಜನ ಹಿಡಿಯುವ ದಾರಿ ಇದು, ಹೆಚ್ಚು ಎಡವಟ್ಟಾಗುವುದೂ ಇದರಲ್ಲೇ. ಮೊದಲು ಲೆಕ್ಕ.

ಕರ್ನಾಟಕದಲ್ಲಿ ಖಾಸಗಿ ಕಾರಿನ ಲೈಫ್ ಟ್ಯಾಕ್ಸ್ (ನೋಂದಣಿಯಾಗುವಾಗ ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ) ಬೆಲೆಯ ಮೇಲೆ ನಿಂತಿದೆ. 5 ಲಕ್ಷದೊಳಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17, 20 ಲಕ್ಷ ದಾಟಿದರೆ ಶೇ. 18. ಇದರ ಜೊತೆಗೆ, ಕಟ್ಟುವ ತೆರಿಗೆಯ ಮೇಲೆ ಶೇ. 11ರಷ್ಟು ಸೆಸ್. ಹಾಗಾಗಿ 17 ಅಂದದ್ದು ಕೊನೆಗೆ 18.87 ಆಗುತ್ತದೆ, 18 ಅಂದದ್ದು 20ರ ಹತ್ತಿರ ಬಂದು ನಿಲ್ಲುತ್ತದೆ. ಹೊರರಾಜ್ಯದ ಹಳೇ ಗಾಡಿಗೆ ಇದೇ ತೆರಿಗೆಯಲ್ಲಿ ವಯಸ್ಸಿಗೆ ತಕ್ಕ ಪಾಲು ಕಟ್ಟಬೇಕು. ಎರಡು ವರ್ಷದೊಳಗಿನ ಗಾಡಿಗೆ ಪೂರ್ತಿಗೆ ತುಸು ಕಡಿಮೆ, ಐದನೇ ವರ್ಷದಲ್ಲಿ ಸುಮಾರು ಮುಕ್ಕಾಲು ಪಾಲು, ಹತ್ತನೇ ವರ್ಷದಲ್ಲಿ ಅರ್ಧದ ಹತ್ತಿರ, ಹದಿನೈದು ದಾಟಿದ ಮೇಲೂ ಕಾಲು ಪಾಲು.

ಇಲ್ಲಿ ತಪ್ಪದೆ ನೆನಪಿಡಬೇಕಾದದ್ದು: ಈ ಪಾಲು ನೀವು ಕೊಟ್ಟ ದುಡ್ಡಿನ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಹೊಸದರಲ್ಲಿ 12 ಲಕ್ಷವಿದ್ದ, ನಾಲ್ಕೂವರೆ ವರ್ಷ ಹಳೆಯದಾದ ಕಾರನ್ನು ನೀವು 7 ಲಕ್ಷಕ್ಕೆ ಮಾತಾಡಿದ್ದೀರಿ ಅಂದುಕೊಳ್ಳಿ. 12 ಲಕ್ಷದ ಶೇ. 17 ಅಂದರೆ 2,04,000. ಅದರ ಮುಕ್ಕಾಲು 1,53,000. ಸೆಸ್ ಸೇರಿದರೆ 1.70 ಲಕ್ಷದ ಹತ್ತಿರ. ಅಲ್ಲಿಗೆ ಗಾಡಿ 8.70 ಲಕ್ಷಕ್ಕೆ ಬಂತು. ಇನ್ನು ನೋಂದಣಿ ಶುಲ್ಕ, ಹೊಸ ನಂಬರ್ ಪ್ಲೇಟು, ಏಜೆಂಟರ ಖರ್ಚು ಬೇರೆ. ಅದೇ ಗಾಡಿ ಕುಶಾಲನಗರದಲ್ಲಿ ಕೆಎ ನಂಬರಿನಲ್ಲೇ 8.75ಕ್ಕೆ ಇದ್ದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ. ಆಚೆಯ ಗಾಡಿ ಲಾಭವಾಗಬೇಕಾದರೆ ಬೆಲೆಯಂತರ ಈ ತೆರಿಗೆಗಿಂತ ಕನಿಷ್ಠ ಐವತ್ತು ಸಾವಿರವಾದರೂ ಹೆಚ್ಚಿರಬೇಕು. ಅಷ್ಟಿಲ್ಲದಿದ್ದರೆ ಓಡಾಟದ ಕೂಲಿಯೂ ಹುಟ್ಟುವುದಿಲ್ಲ.

ಕೇರಳದಲ್ಲಿ ಮೊದಲ ಮಾಲೀಕ 15 ವರ್ಷಕ್ಕೆಂದು ತೆರಿಗೆ ಕಟ್ಟಿರುತ್ತಾನೆ. ಗಾಡಿ ಶಾಶ್ವತವಾಗಿ ರಾಜ್ಯ ಬಿಟ್ಟರೆ ಉಳಿದ ಅವಧಿಯ ತೆರಿಗೆಯನ್ನು ಅರ್ಜಿ ಹಾಕಿ ವಾಪಸು ಕೇಳಬಹುದು. ಅದು ನಿಮ್ಮ ಕೈಗೆ ತಾನಾಗಿ ಬರುವುದಿಲ್ಲ. ಕೆಎ-12 ಆರ್‌ಸಿ ಬಂದ ಮೇಲೆ ಅದರ ಪ್ರತಿ, ಇಲ್ಲಿ ತೆರಿಗೆ ಕಟ್ಟಿದ ರಶೀದಿ, ಎನ್‌ಒಸಿ (ಗಾಡಿ ಹೊರರಾಜ್ಯಕ್ಕೆ ಒಯ್ಯಲು ಮೂಲ ಕಚೇರಿ ಕೊಡುವ ನಿರಾಕ್ಷೇಪಣಾ ಪತ್ರ) ಪ್ರತಿ, ಬ್ಯಾಂಕ್ ವಿವರ ಹಿಡಿದು ಅಲ್ಲಿಯ ಮೂಲ ಕಚೇರಿಗೆ ಅರ್ಜಿ ಕೊಡಬೇಕು, ಆಮೇಲೆ ಬೆನ್ನು ಹತ್ತಬೇಕು. ವ್ಯಾಪಾರ ಮುಗಿಸುವಾಗಲೇ ಆ ಹಣ ಯಾರಿಗೆ ಸೇರಬೇಕು ಎಂದು ಒಪ್ಪಂದದ ಕಾಗದದಲ್ಲಿ ಬರೆಸಿ. ಬಾಯಿಮಾತಿಗೆ ಬಿಟ್ಟರೆ ಮಾರಿದವನು ಆಮೇಲೆ ಫೋನ್ ಎತ್ತುವುದಿಲ್ಲ.

ಈಗ ಕಾಗದಪತ್ರದ ಕ್ರಮ. ಕೇರಳದಲ್ಲಿ ಕ್ಯಾಮೆರಾ ಚಲನ್ ಬಹಳ. ಗಾಡಿ ನಂಬರ್ ಹಾಕಿ ಪರಿವಾಹನ್ ಜಾಲತಾಣದಲ್ಲಿ ಮೊದಲು ಅದನ್ನು ನೋಡಿ, ಬಾಕಿ ಇದ್ದರೆ ಎನ್‌ಒಸಿ ಕೆಲಸ ಮುಂದೆ ಸಾಗುವುದಿಲ್ಲ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ತೀರುವಳಿ ಪತ್ರ ಮತ್ತು ಫಾರಂ 35 (ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಅರ್ಜಿ) ಎರಡೂ ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವ ಗಾಡಿಗಳು ಎಷ್ಟೋ ಇವೆ. ಆಮೇಲೆ ಮಾರುವವನು ಫಾರಂ 28ರಲ್ಲಿ ಎನ್‌ಒಸಿಗೆ ಅರ್ಜಿ ಹಾಕಬೇಕು. ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30, ಹೊಸ ನಂಬರಿಗೆ ಫಾರಂ 27. ರಾಜ್ಯದಾಚೆ ಮಾರಿದರೆ ಮಾರಿದವನು ತಿಳಿಸಲು 45 ದಿನ, ಕೊಂಡವನು ಅರ್ಜಿ ಹಾಕಲು 30 ದಿನ ಎಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಹೇಳುತ್ತದೆ. ಎನ್‌ಒಸಿ ಕೇಳಿದ ಕಚೇರಿ 30 ದಿನದೊಳಗೆ ಕೊಡಬೇಕು, ಇಲ್ಲವೇ ಏಕೆ ಕೊಡುವುದಿಲ್ಲ ಎಂದು ತಿಳಿಸಬೇಕು.

ಎನ್‌ಒಸಿ ಕೈಗೆ ಬಂದ ತಕ್ಷಣ ಮೂರು ಸಾಲು ಓದಿ. ಯಾವ ಕಚೇರಿಗೆ ಎಂದು ಬರೆದಿದೆ, ಚಾಸಿ ನಂಬರ್ ಅಕ್ಷರ ಅಕ್ಷರ ಸರಿ ಇದೆಯೇ, ಕೊಳ್ಳುವವರ ಹೆಸರು ಆಧಾರ್‌ನಲ್ಲಿದ್ದಂತೆಯೇ ಇದೆಯೇ. ಕೊಡಗಿನವರ ಹೆಸರಿನಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಒಂದೊಂದು ದಾಖಲೆಯಲ್ಲಿ ಒಂದೊಂದು ತೆರನಾಗಿ ಇರುತ್ತದೆ. ಆ ವ್ಯತ್ಯಾಸಕ್ಕೇ ಕಡತ ವಾಪಸಾಗಬಹುದು. ‘ಕರ್ನಾಟಕ’ ಎಂದಷ್ಟೇ ನೋಡಿ ತೃಪ್ತಿಪಟ್ಟು, ಆಮೇಲೆ ಅದು ಮೈಸೂರಿನ ಕಚೇರಿಗೆ ಬರೆದದ್ದು ಎಂದು ಮಡಿಕೇರಿಯ ಕೌಂಟರಿನಲ್ಲಿ ಗೊತ್ತಾದರೆ ಮತ್ತೆ ಕಣ್ಣೂರಿಗೋ ಇರಿಟ್ಟಿಗೋ ಇಳಿಯಬೇಕು. ಅಂದ ಹಾಗೆ ವಯನಾಡಿನ ಸಂಖ್ಯೆ ಕೆಎಲ್-12, ನಮ್ಮದು ಕೆಎ-12. ಅರ್ಜಿ ತುಂಬುವಾಗ ಆ ಒಂದು ಅಕ್ಷರದ ಮೇಲೆ ಕಣ್ಣಿರಲಿ.

ಮಡಿಕೇರಿಗೆ ಗಾಡಿಯನ್ನೇ ಒಯ್ಯಬೇಕು. ಇನ್‌ಸ್ಪೆಕ್ಟರ್ ಚಾಸಿ, ಎಂಜಿನ್ ನಂಬರ್ ನೋಡುತ್ತಾರೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಇನ್ನೂ ಇದೆ. ತುಕ್ಕು ಹಿಡಿದು ನಂಬರ್ ಮಸುಕಾಗಿದ್ದರೆ ಅಲ್ಲೇ ಕೆಲಸ ನಿಲ್ಲುತ್ತದೆ. ಹಾಗಾಗಿ ಕೊಳ್ಳುವ ದಿನವೇ ಬಟ್ಟೆಯಲ್ಲಿ ಒರೆಸಿ ಒಂದು ಅಚ್ಚು ತೆಗೆದು ನೋಡಿ. ಹಳೇ ಜೀಪುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಎಂಜಿನ್ ಬದಲಿಸಿದ, ಬಾಡಿ ಬದಲಿಸಿದ, ಉದ್ದ ಕತ್ತರಿಸಿದ ಜೀಪು ತೋಟದೊಳಗೆ ಚೆನ್ನಾಗಿ ಓಡಬಹುದು. ಆರ್‌ಸಿಯಲ್ಲಿ ಆ ಬದಲಾವಣೆ ಏರದೆ ಇದ್ದರೆ ಅದಕ್ಕೆ ಕೆಎ ನಂಬರ್ ಸಿಗುವುದೂ ಕಷ್ಟ, ವಿಮೆಯ ಕ್ಲೇಮು ಸಿಗುವುದೂ ಕಷ್ಟ. ಮಾಲೀಕನ ಸಹಿ ಮಾಡಿದ ಖಾಲಿ ಫಾರಂಗಳ ಕಟ್ಟು ಹಿಡಿದು ‘ಅಣ್ಣಾ, ಎನ್‌ಒಸಿ ಕೈಯಲ್ಲೇ ಇದೆ, ಯಾವಾಗ ಬೇಕಾದರೂ ಮಾಡಿಸಿಕೊಳ್ಳಿ’ ಎನ್ನುವ ಬ್ರೋಕರ್ ಸಿಕ್ಕರೆ ಎನ್‌ಒಸಿಯ ತಾರೀಕು ನೋಡಿ. ಹಳೆಯದಾದ ಎನ್‌ಒಸಿ ಮಡಿಕೇರಿಯಲ್ಲಿ ತಕರಾರು ತರುತ್ತದೆ, ಅದನ್ನು ಹೊಸದು ಮಾಡಿಸಲು ಮೊದಲ ಮಾಲೀಕನೇ ಬೇಕು, ಅವನು ಅಷ್ಟರಲ್ಲಿ ದುಬೈಯಲ್ಲಿರುತ್ತಾನೆ.

ಗಾಡಿಯ ಮೈಯನ್ನೂ ನೋಡಬೇಕಲ್ಲ. ಕರಾವಳಿಯ ಕಣ್ಣೂರು, ತಲಶ್ಶೇರಿ ಗಾಡಿಗಳಲ್ಲಿ ಉಪ್ಪುಗಾಳಿಯ ತುಕ್ಕು ಸಾಮಾನ್ಯ. ಬಾಗಿಲಿನ ಕೆಳ ಅಂಚು, ಸೈಲೆನ್ಸರಿನ ಜೋಡಣೆ, ಸ್ಟೆಪ್ನಿ ಇಡುವ ಗುಂಡಿ ನೋಡಿದರೆ ಗೊತ್ತಾಗುತ್ತದೆ. 2018ರ ಆಗಸ್ಟ್ ನೆರೆಯ ನಂತರ ಕೇರಳದಲ್ಲೂ ಕೊಡಗಿನಲ್ಲೂ ನೀರಲ್ಲಿ ಮುಳುಗಿದ ಗಾಡಿಗಳು ತೊಳೆದು ಒಣಗಿಸಿ ಮಾರುಕಟ್ಟೆಗೆ ಬಂದವು, ಆಮೇಲಿನ ಮಳೆಗಾಲಗಳಲ್ಲೂ ಬರುತ್ತಲೇ ಇವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಮುಳುಗಿದ ಗಾಡಿಯಲ್ಲಿ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಒಂದು ಅಡ್ಡಗೆರೆ ಕಾಣುತ್ತದೆ, ಸೀಟು ಕವರು ಬದಲಿಸಿದವರು ಬೆಲ್ಟ್ ಬದಲಿಸುವುದಿಲ್ಲ. ಡ್ರೈವರ್ ಕಾಲ ಬಳಿಯ ಕಾರ್ಪೆಟ್ ಎತ್ತಿ ಅಡಿಯ ಸ್ಪಂಜು ಹಿಂಡಿ, ಅಲ್ಲೇ ಹಾಯುವ ವೈರಿನ ಕನೆಕ್ಟರು ಬಿಚ್ಚಿ ನೋಡಿ. ತಾಮ್ರ ಹಸಿರಾಗಿದ್ದರೆ ಆ ಗಾಡಿ ಬೇಡ. ಇಂದು ಓಡುತ್ತದೆ, ಮುಂದಿನ ಜುಲೈಯಲ್ಲಿ ಸುಂಟಿಕೊಪ್ಪದ ತಿರುವಿನಲ್ಲಿ ದೀಪ ಆರುತ್ತದೆ.

ಹೊರಗಿನ ನಂಬರಿನಲ್ಲೇ ಓಡಿಸುವುದು

ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಹೊಸ ನಂಬರ್ ಪಡೆಯಬೇಕು. ಅದರೊಳಗೆ ಓಡಿಸುವುದು ತಪ್ಪಲ್ಲ. ಕರ್ನಾಟಕ 2014ರಲ್ಲಿ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು 30 ದಿನ ದಾಟಿದರೆ ಸಾಕು, ಲೈಫ್ ಟ್ಯಾಕ್ಸ್ ಕಟ್ಟಿ ಎಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಮೂವತ್ತು ದಿನದ ಭಯ ಮಾತ್ರ ಜನರಲ್ಲಿ ಇನ್ನೂ ಹೋಗಿಲ್ಲ.

ತನಿಖೆಗೆ ನಿಲ್ಲಿಸಿದಾಗ ‘ಗಾಡಿ ಬಂದು ವರ್ಷವಾಗಿಲ್ಲ’ ಎಂದು ತೋರಿಸುವ ಹೊಣೆ ನಿಮ್ಮ ತಲೆಗೇ ಬೀಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಂದವರಿಗೆ ಫಾಸ್ಟ್ಯಾಗ್ ದಾಖಲೆ ಸಾಕ್ಷಿ ಹೇಳುತ್ತದೆ. ಮಾಕುಟ್ಟ, ಕುಟ್ಟದ ದಾರಿಯಲ್ಲಿ ಟೋಲ್ ಗೇಟೇ ಇಲ್ಲ. ಆದ್ದರಿಂದ ಅಲ್ಲಿಂದ ಬರುವವರು ಗಡಿಯಾಚೆಯ ಸರ್ವಿಸ್ ಸೆಂಟರಿನ ಬಿಲ್ಲು (ಅದರಲ್ಲಿ ತಾರೀಕು, ಕಿಲೋಮೀಟರ್ ಎರಡೂ ಇರುತ್ತವೆ), ಪೆಟ್ರೋಲ್ ಬಿಲ್ಲು, ಕೆಲಸದ ಆದೇಶದ ಪ್ರತಿ ಗಾಡಿಯಲ್ಲಿಡಿ. ಮಡಿಕೇರಿಗೆ ಎಂಟು ತಿಂಗಳ ಗುತ್ತಿಗೆ ಕೆಲಸಕ್ಕೆ ಬಂದವರಿಗೆ, ಹೆರಿಗೆಗೋ ಕಾಫಿ ಕೊಯ್ಲಿಗೋ ಊರಿಗೆ ಬಂದು ಹೋಗುವವರಿಗೆ ಇದು ಸಾಕು. ಇಲ್ಲೇ ನೆಲೆ ನಿಂತವರು ವರ್ಷಕ್ಕೊಮ್ಮೆ ಇರಿಟ್ಟಿಗೆ ಹೋಗಿ ಬಿಲ್ಲು ಹುಟ್ಟಿಸಿಕೊಂಡು ಬರುವುದು ಬೇಡ. ಸಿಕ್ಕಿಬಿದ್ದರೆ ತೆರಿಗೆಯ ಜೊತೆ ದಂಡವೂ ಬೀಳುತ್ತದೆ, ಗಾಡಿ ಠಾಣೆಯ ಅಂಗಳದಲ್ಲಿ ನೆನೆಯುತ್ತದೆ.

ಮಾಹೆಯ ನಂಬರಿನ ಮಾತೂ ಇಲ್ಲೇ ಮುಗಿಸೋಣ. ತಲಶ್ಶೇರಿಯ ಪಕ್ಕದ ಮಾಹೆ ಪುದುಚೇರಿಗೆ ಸೇರಿದ್ದು, ಪಿವೈ-03. ಅಲ್ಲಿ ತೆರಿಗೆ ಕಡಿಮೆ ಎಂದು ದುಬಾರಿ ಗಾಡಿಗಳನ್ನು ಅಲ್ಲಿಯ ಬಾಡಿಗೆ ವಿಳಾಸದಲ್ಲಿ ನೋಂದಾಯಿಸುವ ಚಾಳಿ ಇದೆ. ಅಲ್ಲಿ ವಾಸವಿಲ್ಲದೆ ವಿಳಾಸ ತೋರಿಸುವುದು ಸುಳ್ಳು ದಾಖಲೆಯ ಅಪರಾಧ, ತೆರಿಗೆ ತಪ್ಪಿಸಿದ್ದಷ್ಟೇ ಅಲ್ಲ. ಅಂಥ ಗಾಡಿ ಸೆಕೆಂಡ್ ಹ್ಯಾಂಡಿನಲ್ಲಿ ಬಂದರೆ ತೆರಿಗೆ ಪೂರ್ತಿ ನಿಮ್ಮ ಲೆಕ್ಕಕ್ಕೇ.

ಡೆಲ್ಲಿಯಿಂದ ಬರುವ ದೊಡ್ಡ ಡೀಸೆಲ್ ಗಾಡಿ

ಡೆಲ್ಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿಯ ಫಾರ್ಚುನರ್, ಸ್ಕಾರ್ಪಿಯೊಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದವು. ಘಟ್ಟದ ರಸ್ತೆಗೆ ಒಗ್ಗುವ ಗಾಡಿಗಳಾದ್ದರಿಂದ ಕೊಡಗಿನಲ್ಲಿ ಇವಕ್ಕೆ ಗಿರಾಕಿ ಹೆಚ್ಚು. ಲೆಕ್ಕ ಮಾತ್ರ ಕಠೋರ. ಹೊಸದರಲ್ಲಿ 25 ಲಕ್ಷವಿದ್ದ ಗಾಡಿಗೆ ಪೂರ್ತಿ ತೆರಿಗೆ, ಸೆಸ್ ಸೇರಿ 5 ಲಕ್ಷ. ಹತ್ತು ವರ್ಷದ ಗಾಡಿಗೆ ಅದರ ಅರ್ಧಕ್ಕೆ ತುಸು ಕಡಿಮೆ ಅಂದರೂ ಎರಡೂ ಕಾಲು ಲಕ್ಷ. ಅದರ ಮೇಲೆ ಇನ್ನೈದು ವರ್ಷದಲ್ಲಿ ನೋಂದಣಿ ನವೀಕರಣ, ಫಿಟ್‌ನೆಸ್ ಪರೀಕ್ಷೆ, ಹಸಿರು ತೆರಿಗೆ ಎದುರಿಗಿವೆ. ಗಾಡಿ 9 ಲಕ್ಷಕ್ಕೆ ಸಿಕ್ಕರೂ ನಿಜವಾದ ಬೆಲೆ 11.25 ಲಕ್ಷ. ಎನ್‌ಒಸಿಯಲ್ಲಿ ತಪ್ಪಿದ್ದರೆ ಸರಿಪಡಿಸಲು ಡೆಲ್ಲಿಗೇ ಹೋಗಬೇಕು. ಕೇರಳದ ಗಾಡಿಗೆ ಹೋಲಿಸಿದರೆ ಇದರ ತೊಂದರೆ ಇಮ್ಮಡಿ. ಮೈಲೇಜು, ಸರ್ವಿಸ್ ಇತಿಹಾಸ ಕಂಪನಿಯ ದಾಖಲೆಯಲ್ಲೇ ಸಿಗುವ ಗಾಡಿಯಾದರೆ ಮಾತ್ರ ಯೋಚಿಸಿ.

ಬಿಎಚ್ ನಂಬರು, ಸೈನಿಕರಿಗೆ ನಿಜವಾಗಿ ಉಪಯೋಗದ್ದು

ಕೊಡಗಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಸೇನೆಯಲ್ಲಿದ್ದಾರೆ. ಅವರಿಗಾಗಿಯೇ ಬಂದಂತಿದೆ 2021ರ ಸೆಪ್ಟೆಂಬರ್ 15ರಿಂದ ಜಾರಿಯಾದ ಭಾರತ್ ಸರಣಿ (ಬಿಎಚ್), ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ನಂಬರು. ರಕ್ಷಣಾ ಪಡೆಯವರು, ಕೇಂದ್ರ ಮತ್ತು ರಾಜ್ಯ ಸರ್ಕಾರದ ನೌಕರರು, ಸಾರ್ವಜನಿಕ ಉದ್ದಿಮೆಗಳವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು ಇದಕ್ಕೆ ಅರ್ಹರು. ಸರ್ಕಾರಿ ನೌಕರರಿಗೆ ಗುರುತಿನ ಚೀಟಿ ಸಾಕು, ಖಾಸಗಿಯವರಿಗೆ ಕಂಪನಿಯಿಂದ ಫಾರಂ 60 (ನೌಕರಿಯ ದೃಢೀಕರಣ ಪತ್ರ) ಬೇಕು. ಕಾಫಿ ಬೆಳೆಗಾರರಿಗೆ, ಸ್ವಂತ ವ್ಯಾಪಾರದವರಿಗೆ ಇಲ್ಲ.

ಇದರಲ್ಲಿ 15 ವರ್ಷದ ತೆರಿಗೆ ಒಟ್ಟಿಗೆ ಕಟ್ಟುವುದಿಲ್ಲ, ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗುವುದು. ಜಿಎಸ್‌ಟಿ ಬಿಟ್ಟ ಇನ್‌ವಾಯ್ಸ್ ಬೆಲೆಗೆ ದರ: 10 ಲಕ್ಷದೊಳಗೆ ಶೇ. 8, 10ರಿಂದ 20 ಲಕ್ಷಕ್ಕೆ ಶೇ. 10, ಅದರ ಮೇಲೆ ಶೇ. 12. ಡೀಸೆಲ್‌ಗೆ ಶೇ. 2 ಹೆಚ್ಚು, ಎಲೆಕ್ಟ್ರಿಕ್‌ಗೆ ಶೇ. 2 ಕಡಿಮೆ. ಇದನ್ನು ಕಂತಾಗಿ ಹಂಚಿದಾಗ 12 ಲಕ್ಷದ ಪೆಟ್ರೋಲ್ ಕಾರಿಗೆ ಎರಡು ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಬರುತ್ತದೆ. ಅದೇ ಕಾರನ್ನು ಕೆಎ-12 ಮಾಡಿಸಿದರೆ ಮೊದಲ ದಿನವೇ ಎರಡೂ ಕಾಲು ಲಕ್ಷ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ದಂಡ. ಗಡಿಯ ಪೋಸ್ಟಿನಲ್ಲಿ ನೆಟ್‌ವರ್ಕ್ ಇಲ್ಲದವರು ಈ ತಾರೀಕನ್ನು ಮನೆಯವರಿಗೆ ಒಪ್ಪಿಸಿರಲಿ.

ಪಠಾಣ್‌ಕೋಟ್, ತೇಜ್‌ಪುರ, ಪುಣೆ ಎಂದು ಮೂರು ವರ್ಷಕ್ಕೊಮ್ಮೆ ಜಾಗ ಬದಲಾಗುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಪ್ರತಿ ಸಲವೂ ಎನ್‌ಒಸಿ, ಮರುನೋಂದಣಿ, ಹಳೇ ತೆರಿಗೆಯ ವಾಪಸಾತಿ ಎಂಬ ಮೂರು ತಲೆನೋವು ತಪ್ಪುತ್ತದೆ. ಇನ್ನೆರಡು ವರ್ಷದಲ್ಲಿ ನಿವೃತ್ತರಾಗಿ ಪೊನ್ನಂಪೇಟೆಯ ಮನೆಗೆ ಬರುವವರಿಗೆ ಲಾಭ ಕಡಿಮೆ. ಅದಕ್ಕೆ ಕಾರಣ ಮರುಮಾರಾಟ. 2022ರ ಡಿಸೆಂಬರ್ ತಿದ್ದುಪಡಿಯ ನಂತರ ಬಿಎಚ್ ಗಾಡಿಯನ್ನು ಅರ್ಹತೆ ಇಲ್ಲದವರಿಗೂ ಮಾರಬಹುದು, ಆದರೆ ಕೊಂಡವನು ತನ್ನ ರಾಜ್ಯದ ತೆರಿಗೆ ಕಟ್ಟಿ ಸಾಮಾನ್ಯ ನಂಬರಿಗೆ ಬದಲಿಸಿಕೊಳ್ಳಬೇಕು. ಕೊಳ್ಳುವವನು ಆ ದುಡ್ಡನ್ನು ನಿಮ್ಮ ಬೆಲೆಯಲ್ಲೇ ಕಳೆಯುತ್ತಾನೆ. ಐದು ವರ್ಷಕ್ಕಿಂತ ಹೆಚ್ಚು ವರ್ಗಾವಣೆಯ ಸೇವೆ ಬಾಕಿ ಇದ್ದರೆ ಬಿಎಚ್, ಇಲ್ಲದಿದ್ದರೆ ಊರಿನ ನಂಬರು. ಅದೇ ತಿದ್ದುಪಡಿ ಹಳೇ ಕೆಎ ಗಾಡಿಯನ್ನು ಬಿಎಚ್‌ಗೆ ಬದಲಿಸಲೂ ಅವಕಾಶ ಕೊಟ್ಟಿದೆ.

ವಿದೇಶದಿಂದ ತರುವ ಆಸೆ

ಗಲ್ಫ್‌ನಲ್ಲಿ ಹತ್ತು ವರ್ಷ ದುಡಿದವರು ಅಲ್ಲಿಯ ಲ್ಯಾಂಡ್ ಕ್ರೂಸರನ್ನು ಊರಿಗೆ ತರಬಹುದೇ ಎಂದು ಕೇಳುತ್ತಾರೆ. ಆಗುವುದಿಲ್ಲ. ದುಬೈ, ಸೌದಿ, ಕತಾರ್, ಕುವೈತ್‌ನ ಗಾಡಿಗಳೆಲ್ಲ ಎಡಗಡೆ ಸ್ಟೀರಿಂಗಿನವು. ಭಾರತಕ್ಕೆ ಹಳೇ ಕಾರು ಬರಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. ಮನೆಸಾಮಾನಿನ ಜೊತೆ ‘ಬ್ಯಾಗೇಜ್’ ಲೆಕ್ಕದಲ್ಲಿ ತರೋಣ ಎಂದರೆ ಕಸ್ಟಮ್ಸ್ ಕಾಯ್ದೆಯ ವ್ಯಾಖ್ಯೆಯಲ್ಲೇ ಮೋಟಾರು ವಾಹನವನ್ನು ಬ್ಯಾಗೇಜಿನಿಂದ ಹೊರಗಿಟ್ಟಿದ್ದಾರೆ.

ಇಂಗ್ಲೆಂಡ್, ಸಿಂಗಪುರ, ಆಸ್ಟ್ರೇಲಿಯಾದಲ್ಲಿರುವವರಿಗೆ ಸ್ಟೀರಿಂಗಿನ ತಡೆ ಇಲ್ಲ, ಸುಂಕದ ತಡೆ ಇದೆ. 2025ರ ಬಜೆಟ್ ನಂತರ ಹಳೇ ಕಾರಿಗೆ ಮೂಲ ಸುಂಕ, ಕೃಷಿ ಮೂಲಸೌಕರ್ಯ ಸೆಸ್ ಎರಡೂ ಸೇರಿ ಶೇ. 137.5. ಅದರ ಮೇಲೆ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಶೇ. 40. ಸಾಗಣೆ, ವಿಮೆ ಸೇರಿ ಬಂದರಿನಲ್ಲಿ 10 ಲಕ್ಷದ ಮೌಲ್ಯವಿದ್ದರೆ ಸುಂಕ 13.75 ಲಕ್ಷ, ಒಟ್ಟು 23.75 ಲಕ್ಷದ ಮೇಲೆ ಜಿಎಸ್‌ಟಿ 9.5 ಲಕ್ಷ, ಅಲ್ಲಿಗೆ 33.25 ಲಕ್ಷ. ಮಡಿಕೇರಿಯಲ್ಲಿ ಲೈಫ್ ಟ್ಯಾಕ್ಸ್ ಹಾಕುವುದು ಸುಂಕ ಸೇರಿದ ಬೆಲೆಗೆ, ಅದು ಇನ್ನೊಂದು ಆರೂವರೆ ಲಕ್ಷ. ಹತ್ತು ಲಕ್ಷದ ಕಾರು ನಲವತ್ತು ಲಕ್ಷ. ಆ ಹತ್ತು ಲಕ್ಷವೂ ನೀವು ಕೊಂಡ ಬೆಲೆಯಲ್ಲ. ಕಸ್ಟಮ್ಸಿನವರು ಹೊಸ ಗಾಡಿಯ ಬೆಲೆಯಿಂದ ಮೊದಲ ವರ್ಷ ಮೂರು ತಿಂಗಳಿಗೆ ಶೇ. 4ರಂತೆ, ಆಮೇಲೆ ಇನ್ನೂ ಕಡಿಮೆ ದರದಲ್ಲಿ ಸವಕಳಿ ಕಳೆದು ತಾವೇ ಮೌಲ್ಯ ಕಟ್ಟುತ್ತಾರೆ. ಅಲ್ಲೇ ಮಾರಿ ದುಡ್ಡು ತನ್ನಿ, ಇಲ್ಲಿ ಹೊಸದು ಕೊಳ್ಳಿ.

ಕೆಲವು ತಿಂಗಳು ಇಲ್ಲಿ ಓಡಿಸಿ ವಾಪಸು ಒಯ್ಯುವವರಿಗೆ ‘ಕಾರ್ನೆ’ ಎಂಬ ಪತ್ರದ ದಾರಿ ಇದೆ. ಆಯಾ ದೇಶದ ಆಟೊಮೊಬೈಲ್ ಸಂಘ ಠೇವಣಿ ಪಡೆದು ಕೊಡುತ್ತದೆ, ಸುಂಕವಿಲ್ಲದೆ ಸಾಮಾನ್ಯವಾಗಿ ಆರು ತಿಂಗಳು ಗಾಡಿ ಇಲ್ಲಿರಬಹುದು. ಹೊರಡುವಾಗ ಕಸ್ಟಮ್ಸ್ ಮುದ್ರೆ ಬೀಳದಿದ್ದರೆ ಠೇವಣಿ ಹೋಗುತ್ತದೆ. ಈ ದಾರಿಯಲ್ಲಿ ಬಂದ ಗಾಡಿಯನ್ನು ಇಲ್ಲಿ ಮಾರಲು ಬರುವುದಿಲ್ಲ, ವಿದೇಶದ ವಿಮೆಯೂ ನಡೆಯುವುದಿಲ್ಲ. ಭಾರತದ ಕಂಪನಿಯಿಂದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟ ತುಂಬುವುದು) ಮಾಡಿಸಲೇಬೇಕು.

ವಿಮೆ: ದುಡ್ಡು ಕಳೆದುಕೊಳ್ಳುವ ಜಾಗ

ರಾಜ್ಯದ ಗಡಿ ದಾಟಿದ್ದಕ್ಕೆ ವಿಮೆ ಕೆಡುವುದಿಲ್ಲ. ಕೇರಳದಲ್ಲಿ ಮಾಡಿಸಿದ ಪಾಲಿಸಿ ಕರ್ನಾಟಕದಲ್ಲೂ ಅಷ್ಟೇ ಗಟ್ಟಿ. ಕೆಡಿಸುವುದು ಹೆಸರು.

ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗಿಯೇ ಹೊಸ ಮಾಲೀಕನಿಗೆ ಬರುತ್ತದೆ. ಸ್ವಂತ ಗಾಡಿಯ ನಷ್ಟ ತುಂಬುವ ಭಾಗ ಹಾಗಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು. ಜನ ಆರ್‌ಸಿ ಬರಲಿ, ಆಮೇಲೆ ನೋಡೋಣ ಎಂದು ಕಾಯುತ್ತಾರೆ. ಎನ್‌ಒಸಿ, ಮರುನೋಂದಣಿ ಎಲ್ಲ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. ಈ ನಡುವೆ ಮಾಕುಟ್ಟದ ಘಟ್ಟದಲ್ಲಿ ಮರ ಬಿದ್ದರೆ, ಜೋಡುಪಾಲದ ಬಳಿ ಮಣ್ಣು ಕುಸಿದು ಗಾಡಿ ಜಖಂ ಆದರೆ ಪಾಲಿಸಿಯಲ್ಲಿ ಹೆಸರಿರುವವನದು ಗಾಡಿಯಲ್ಲ, ಗಾಡಿ ಇರುವವನದು ಪಾಲಿಸಿಯಲ್ಲ. ಕ್ಲೇಮು ತಿರಸ್ಕಾರ. ಆದ್ದರಿಂದ ಹಣ ಕೊಟ್ಟ ದಿನವೇ ಮಾರಾಟ ಪತ್ರ, ಫಾರಂ 29 ಮತ್ತು 30ರ ಪ್ರತಿ ಹಾಕಿ ಕಂಪನಿಗೆ ಇ-ಮೇಲ್ ಕಳಿಸಿ, ಉತ್ತರವನ್ನು ಜೋಪಾನ ಮಾಡಿ.

ಮಾರುವವರಿಗೂ ಒಂದು ಎಚ್ಚರಿಕೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು, ಹೊಣೆ ಬಂದದ್ದು ಮೊದಲ ಹೆಸರಿನವನಿಗೆ. ನಿಮ್ಮ ಹಳೇ ಕಾರನ್ನು ಕೇರಳದವರಿಗೆ ಕೊಟ್ಟಿದ್ದರೆ ಅವರ ಆರ್‌ಸಿ ಬದಲಾಗುವವರೆಗೂ ಬೆನ್ನು ಹತ್ತಿ.

ನೋ ಕ್ಲೇಮ್ ಬೋನಸ್ (ಕ್ಲೇಮು ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿಯದಲ್ಲ, ಮನುಷ್ಯನದು. ‘ಐವತ್ತು ಪರ್ಸೆಂಟ್ ಬೋನಸ್ ಇರುವ ಗಾಡಿ’ ಎಂದು ಬೆಲೆ ಏರಿಸಿದರೆ ನಂಬಬೇಡಿ. ಹೆಸರು ಬದಲಾಗುವಾಗ ಕಂಪನಿ ಆ ರಿಯಾಯಿತಿಯನ್ನು ನಿಮ್ಮಿಂದ ವಸೂಲು ಮಾಡುತ್ತದೆ. ನಿಮ್ಮ ಹಳೇ ಕಾರು ಮಾರಿದ್ದರೆ ಅದರ ಬೋನಸ್ ಪತ್ರ ಪಡೆದುಕೊಳ್ಳಿ, ಮೂರು ವರ್ಷದವರೆಗೆ ಇನ್ನೊಂದು ಗಾಡಿಗೆ ಹಾಕಿಕೊಳ್ಳಬಹುದು. ಗಾಡಿ ಮಾರದೆ ಪಾಲಿಸಿಯನ್ನು ನವೀಕರಿಸದೆ ಬಿಟ್ಟು 90 ದಿನ ದಾಟಿದರೆ ಬೋನಸ್ ಹೋಗುತ್ತದೆ.

ಪ್ರೀಮಿಯಂ ಹೋಲಿಕೆ ಸರಳ. ಥರ್ಡ್ ಪಾರ್ಟಿ ದರ ದೇಶಕ್ಕೆಲ್ಲ ಒಂದೇ, 2022ರ ಜೂನ್‌ನಿಂದ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದರ ಮೇಲೆ 7,897, ಜೊತೆಗೆ ಜಿಎಸ್‌ಟಿ. ಸ್ವಂತ ನಷ್ಟದ ಭಾಗಕ್ಕೆ ನೋಂದಣಿಯ ಊರು ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು, ಚೆನ್ನೈ ಮುಂತಾದ ಎಂಟು ಮಹಾನಗರ ಎ ವಲಯ, ಕೊಡಗು, ಕಣ್ಣೂರು ಎರಡೂ ಬಿ ವಲಯ. ಹಾಗಾಗಿ ಕೇರಳದಿಂದ ತಂದರೆ ಇದರಲ್ಲಿ ವ್ಯತ್ಯಾಸವಿಲ್ಲ, ಬೆಂಗಳೂರಿನ ಗಾಡಿ ತಂದು ಕೆಎ-12 ಮಾಡಿಸಿದರೆ ತುಸು ಇಳಿಯುತ್ತದೆ. ಕೊಡಗಿನ ಮಳೆಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಹಾಕಿಸಿ. ನೆರೆ, ಭೂಕುಸಿತದ ಹಾನಿ ಸಾಮಾನ್ಯ ಪಾಲಿಸಿಯಲ್ಲೇ ಬರುತ್ತದೆ. ನೀರು ನಿಂತ ರಸ್ತೆಯಲ್ಲಿ ಎಂಜಿನ್ ಆಫ್ ಆದಾಗ ಮತ್ತೆ ಸ್ಟಾರ್ಟ್ ಮಾಡಿ ಒಳಗೆ ನೀರೆಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗಿದರೆ ಬರುವುದಿಲ್ಲ. ಅದಕ್ಕೇ ಆ ಕವರ್.

ಹೊಸ ಕಾರನ್ನು ಹೊರರಾಜ್ಯದ ಶೋರೂಮಿನಿಂದ ತಾತ್ಕಾಲಿಕ ನಂಬರಿನಲ್ಲಿ ತರುವವರು ಆ ನಂಬರಿನ ಕೊನೆಯ ದಿನವನ್ನು ಮರೆಯಬಾರದು. ತಾತ್ಕಾಲಿಕ ನೋಂದಣಿ ಮುಗಿದ ಮೇಲೆ ಬೇರೆ ಊರಿಗೆ ಒಯ್ದ ಕಾರು ಕಳುವಾದ ಪ್ರಕರಣದಲ್ಲಿ ವಿಮಾ ಕಂಪನಿ ಹಣ ಕೊಡಬೇಕಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಪ್ರೀಮಿಯಂ ಪೂರ್ತಿ ಕಟ್ಟಿದ್ದರೂ ಅಷ್ಟೇ.

ದೇಶದ ಗಡಿ ದಾಟುವುದು ಬೇರೆ ಮಾತು. ಸಿಲಿಗುರಿ ಕಡೆ ಸೇವೆಯಲ್ಲಿರುವವರು ಸ್ವಂತ ಗಾಡಿಯಲ್ಲಿ ನೇಪಾಳಕ್ಕೋ ಭೂತಾನಕ್ಕೋ ಹೋಗುವ ಮೊದಲು ಪಾಲಿಸಿಗೆ ಪ್ರದೇಶ ವಿಸ್ತರಣೆ ಬರೆಸಬೇಕು. ಫುಲ್ ಇನ್ಶೂರೆನ್ಸಿಗೆ ಹಳೇ ದರಪಟ್ಟಿಯಲ್ಲಿ 500 ರೂಪಾಯಿಯ ಕೆಲಸ. ಬರೆಸದೆ ಹೋದರೆ ಆ ಕಡೆಯ ಅಪಘಾತಕ್ಕೆ ಪಾಲಿಸಿ ಇಲ್ಲದಂತೆಯೇ.

ಕೊನೆಗೆ ಕೆಎ-12 ನಂಬರ್ ಬಂದ ದಿನದ ಕೆಲಸ. ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟಿಗೆ ಅರ್ಜಿ, ಪಾಲಿಸಿಯಲ್ಲಿ ಹೊಸ ನಂಬರ್ ಸೇರಿಸಿದ ಪತ್ರ, ಹೊಸ ನಂಬರಿನಲ್ಲಿ ಹೊಗೆ ತಪಾಸಣೆ, ಹಳೇ ಮಾಲೀಕನ ಫಾಸ್ಟ್ಯಾಗ್ ಕಿತ್ತು ನಿಮ್ಮ ಹೆಸರಿನ ಫಾಸ್ಟ್ಯಾಗ್. ಇದರಲ್ಲಿ ಪಾಲಿಸಿಯ ಪತ್ರವನ್ನು ಮೊದಲು ಮಾಡಿಸಿ. ಪ್ಲೇಟು ಬರಲು ವಾರ ಹಿಡಿದರೂ ನಡೆಯುತ್ತದೆ, ಆರ್‌ಸಿಯಲ್ಲೊಂದು ಪಾಲಿಸಿಯಲ್ಲೊಂದು ನಂಬರ್ ಇದ್ದಾಗ ಅಪಘಾತವಾದರೆ ಸರ್ವೇಯರ್ ಮೊದಲು ಕೇಳುವುದು ಅದನ್ನೇ. ಕೇರಳದ ತೆರಿಗೆ ವಾಪಸಾತಿಯ ಅರ್ಜಿಯೂ ಅದೇ ವಾರ ಹೋಗಲಿ.